ಅಡಿಕೆ ಸೀಮೆಯ ಸಂಶಯ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ತಜ್ಞರ ಮಾತಿನ ಚರಿತ್ರೆ

ತಜ್ಞರೆಲ್ಲ ಒಮ್ಮತದಿಂದ ಹೇಳಿದ ಮಾತನ್ನೂ ಜನ ಏಕೆ ನಂಬುವುದಿಲ್ಲ ಎಂಬ ಪ್ರಶ್ನೆಗೆ ವಿದ್ಯಾವಂತರು ಸಾಮಾನ್ಯವಾಗಿ ಕೊಡುವ ಉತ್ತರ ಅಜ್ಞಾನ ಎಂಬುದು. ಆದರೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಕೃಷಿಯ ಕಳೆದ ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಮಲೆನಾಡಿನ ಊರುಗಳಲ್ಲಿ ಬೆಳೆಗಾರರು ಒಂದು ವೈಜ್ಞಾನಿಕ ಶಿಫಾರಸನ್ನು ತಲೆಮಾರುಗಳಿಂದ ವ್ರತದಂತೆ ಪಾಲಿಸುತ್ತ ಬಂದಿದ್ದಾರೆ, ಇನ್ನೊಂದನ್ನು ಅರೆಮನಸ್ಸಿನಿಂದ ಕೇಳಿದ್ದಾರೆ, ಮತ್ತೊಂದನ್ನು ಬಹುಮಟ್ಟಿಗೆ ತಳ್ಳಿಹಾಕಿದ್ದಾರೆ. ಮೂರೂ ಸಂದರ್ಭಗಳಲ್ಲಿ ಜನ ಅವರೇ, ಬೆಳೆಯೂ ಅದೇ ಆಗಿರುವಾಗ, ನಂಬಿಕೆಯ ಈ ಏರಿಳಿತಕ್ಕೆ ಕಾರಣವನ್ನು ಜನರ ತಿಳಿವಳಿಕೆಯಲ್ಲಿ ಹುಡುಕುವುದಕ್ಕಿಂತ ಆ ಮಾತು ಅವರ ಬಳಿಗೆ ಬಂದ ರೀತಿಯಲ್ಲಿ ಮತ್ತು ಅದನ್ನು ಒಪ್ಪಿದರೆ ನಷ್ಟ ಯಾರ ಪಾಲಿಗೆ ಬೀಳುತ್ತದೆ ಎಂಬುದರಲ್ಲಿ ಹುಡುಕುವುದೇ ಸರಿ.

ಮೊದಲನೆಯದು ಕೊಳೆರೋಗದ ಕತೆ. ಆಗುಂಬೆಯ ಘಟ್ಟಕ್ಕೆ ತಾಗಿದ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಸುರಿಯುವಾಗ, ಎಳೆಯ ಅಡಿಕೆಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆಂದಂಥ ಕಡುಹಸಿರು ಕಲೆ ಮೂಡಿ, ಅದು ಕಾಯಿಯನ್ನೆಲ್ಲ ಆವರಿಸಿ, ಕಾಯಿಗಳು ಒಂದೊಂದಾಗಿ ಉದುರತೊಡಗುತ್ತವೆ. ಉದುರಿದ ಕಾಯಿಯ ಮೇಲೆ ಎರಡು ಮೂರು ದಿನಗಳಲ್ಲಿ ಬಿಳಿಯ ಬೂಷ್ಟು ಹರಡುತ್ತದೆ. ಒಮ್ಮೆ ತೋಟಕ್ಕೆ ಹೊಕ್ಕ ರೋಗ ಮಳೆಹನಿಯ ಸಿಡಿತದೊಂದಿಗೆ ಒಂದು ಕೊನೆಯಿಂದ (ಗೊಂಚಲಿನಿಂದ) ಇನ್ನೊಂದು ಕೊನೆಗೆ, ಮರದಿಂದ ಮರಕ್ಕೆ ದಾಟಿ, ಮಳೆ ಜೋರಾದ ವರ್ಷಗಳಲ್ಲಿ ಇಡೀ ಫಸಲನ್ನೇ ನೆಲಕ್ಕೆ ಕೆಡವುತ್ತಿತ್ತು. ಇದಕ್ಕೆ ಬೆಳೆಗಾರರು ತಾವೇ ಕಂಡುಕೊಂಡಿದ್ದ ಪರಿಹಾರ ಕೊಟ್ಟೆ ಕಟ್ಟುವುದು, ಅಂದರೆ ಅಡಿಕೆಯ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಮಾಡಿದ ಹೊದಿಕೆಯನ್ನು ಮಳೆಗಾಲಕ್ಕೆ ಮುನ್ನ ಪ್ರತಿ ಕೊನೆಗೂ ತೊಡಿಸಿ ನೀರು ತಾಗದಂತೆ ಕಾಯುವುದು. ವಿಧಾನ ಸರಿಯಾದದ್ದೇ, ಆದರೆ ಸಾವಿರಾರು ಮರಗಳನ್ನು ಹತ್ತಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟಲು ಬೇಕಾದ ಆಳು, ಸಮಯ ಮತ್ತು ಖರ್ಚು ಸಣ್ಣ ಹಿಡುವಳಿದಾರರ ಕೈಗೆ ಎಟಕುವಂಥದ್ದಾಗಿರಲಿಲ್ಲ.

ಕೆನಡಾದ ಒಂಟಾರಿಯೊ ಪ್ರಾಂತದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಕೆಲಸಕ್ಕೆ ಸೇರಿ, ಬೇಗನೆ ಕೈಗೆತ್ತಿಕೊಂಡ ಸಮಸ್ಯೆಗಳಲ್ಲಿ ಇದೊಂದು. 1910ರಲ್ಲಿ ಅವರು ಕೊಳೆರೋಗದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ರೋಗಕ್ಕೆ ಕಾರಣ ಫೈಟಾಫ್ತೊರ ಕುಲದ ಸೂಕ್ಷ್ಮಜೀವಿಯೆಂದು ತೋರಿಸಿದರು; ಶಿಲೀಂಧ್ರದಂತೆ ಕಾಣುವ, ನೀರಿನಲ್ಲಿ ಈಜಬಲ್ಲ ಬೀಜಾಣುಗಳನ್ನು ಬಿಡುಗಡೆ ಮಾಡುವ ಈ ಕುಲದ ಇನ್ನೊಂದು ಜೀವಿಯೇ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಹಾಳುಮಾಡಿ ಭೀಕರ ಕ್ಷಾಮಕ್ಕೆ ಕಾರಣವಾಗಿತ್ತು. ಕೋಲ್ಮನ್ ಸೂಚಿಸಿದ ಔಷಧಿಯೂ ಯುರೋಪಿನದೇ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಯ ಪಕ್ಕದ ದ್ರಾಕ್ಷಿಯನ್ನು ದಾರಿಹೋಕರು ಕದಿಯದಿರಲೆಂದು ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುವ ರೂಢಿಯಿದ್ದು, ಹಾಗೆ ಎರಚಿದ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದಿರುವುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಆ ಮಿಶ್ರಣವನ್ನು ಲೋಕಕ್ಕೆ ತಿಳಿಸಿದ್ದರು. ರೈತರು ಬೇರೊಂದು ಉದ್ದೇಶಕ್ಕೆ ಮಾಡಿದ್ದನ್ನು ವಿಜ್ಞಾನಿಯೊಬ್ಬರು ಕಣ್ಣಿಟ್ಟು ನೋಡಿದ್ದರಿಂದ ಹುಟ್ಟಿದ ಈ ದ್ರಾವಣ ಮಲೆನಾಡಿಗೆ ಬಂದಾಗ ಎದುರಾದ ಮುಖ್ಯ ತೊಡಕು, ಅದು ಇಲ್ಲಿನ ಮಳೆಗೆ ತೊಳೆದುಹೋಗದೆ ಕಾಯಿಗೆ ಹಿಡಿದುಕೊಳ್ಳಬೇಕೆಂಬುದು. ರಾಳವನ್ನು ಸೋಡಾದೊಂದಿಗೆ ಕುದಿಸಿ ಅಂಟಾಗಿ ಬೆರೆಸುವ ಉಪಾಯದಿಂದ ಅದೂ ಬಗೆಹರಿಯಿತು.

ಮೈಲುತುತ್ತ ವಿಷವೆಂದು ಬಲ್ಲವರು ತಿನ್ನುವ ವಸ್ತುವಿಗೆ ಅದನ್ನು ಹೊಡೆಯಲು ಅಳುಕಬಹುದಾಗಿದ್ದ ಕಾಲದಲ್ಲಿ ಈ ಪದ್ಧತಿ ಬೇರೂರಿದ್ದು ಹೇಗೆಂಬುದು ಇಲ್ಲಿನ ಮುಖ್ಯ ವಿಷಯ. ಸಂಸ್ಥಾನದ ಕೃಷಿ ಇಲಾಖೆ ಕರಪತ್ರ ಹಂಚಿ ಸುಮ್ಮನಾಗದೆ ಬೆಳೆಗಾರರ ತೋಟಗಳಲ್ಲಿಯೇ ಸಿಂಪಡಣೆ ಮಾಡಿ ತೋರಿಸುವ ದಾರಿ ಹಿಡಿಯಿತು. ಔಷಧಿ ಹೊಡೆದ ಮರದಲ್ಲಿ ಕಾಯಿ ನಿಂತು, ಹೊಡೆಯದ ಮರದ ಬುಡದಲ್ಲಿ ಕಾಯಿ ರಾಶಿಯಾಗಿ ಉದುರಿ ಬಿದ್ದಿರುವುದನ್ನು ಒಂದೇ ಮಳೆಗಾಲದಲ್ಲಿ, ಒಂದೇ ತೋಟದಲ್ಲಿ, ಓದುಬರಹ ಬಾರದವರೂ ಕಾಣಬಹುದಾಗಿತ್ತು. ಅದರ ಮೇಲೆ, ದ್ರಾವಣ ಸರಿಯಾಗಿ ತಯಾರಾಗಿದೆಯೇ ಎಂದು ಪರೀಕ್ಷಿಸುವ ಅಧಿಕಾರವೂ ಬೆಳೆಗಾರನ ಕೈಗೇ ಬಂದಿತು. ಒಂದು ಕಿಲೊ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೊ ಸುಣ್ಣವನ್ನು ಇನ್ನೈವತ್ತು ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ ಒಂದುಗೂಡಿಸಿದ ಬಳಿಕ, ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಅದನ್ನು ಹಾಗೆಯೇ ಹೊಡೆದರೆ ಎಳೆಗಾಯಿ ಸುಡುತ್ತದೆ ಎಂದರ್ಥ, ಆಗ ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸಬೇಕು. ರಸಾಯನಶಾಸ್ತ್ರದ ಒಂದು ತತ್ವವನ್ನು ಅಂಗಳದಲ್ಲಿ, ಮನೆಯ ಕತ್ತಿಯಿಂದ ಪರೀಕ್ಷಿಸಿ ನೋಡುವ ಈ ಅವಕಾಶವೇ ಬೋರ್ಡೋ ದ್ರಾವಣಕ್ಕೆ ಸಿಕ್ಕ ನಂಬಿಕೆಯ ತಳಹದಿಯೆಂದು ಹೇಳಬೇಕು. ಕಾಲಿಗೆ ತಳೆ ಹಾಕಿಕೊಂಡು ಮರವೇರಿ, ಅಲ್ಲಿಂದಲೇ ಓಲಾಡಿ ಪಕ್ಕದ ಮರಕ್ಕೆ ದಾಟುವ ಕೊನೆಗಾರನ ಕೌಶಲಕ್ಕೂ ಈ ಪದ್ಧತಿಯಲ್ಲಿ ಜಾಗ ಸಿಕ್ಕಿತು; ಮುಂಗಾರಿಗೆ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಔಷಧಿ ಹೊಡೆಸುವುದು ಮಲೆನಾಡಿನ ವರ್ಷದ ಲೆಕ್ಕದಲ್ಲಿ ಗದ್ದೆ ನಾಟಿಯಷ್ಟೇ ಖಚಿತವಾದ ಕೆಲಸವಾಯಿತು. 

ಇಷ್ಟು ಹೇಳಿದ ಮೇಲೆ, ತಜ್ಞರು ತಮ್ಮೊಳಗೇ ಬೇಗ ಒಪ್ಪಿಬಿಡುತ್ತಾರೆಂದು ತಿಳಿಯಬಾರದೆಂಬುದನ್ನೂ ಸೇರಿಸಬೇಕು. ಐರ್ಲೆಂಡಿನ ಆಲೂಗಡ್ಡೆ ಕೊಳೆತಾಗ ಗಿಡದ ಮೇಲಿನ ಬೂಷ್ಟು ರೋಗದ ಕಾರಣವೋ ಪರಿಣಾಮವೋ ಎಂದು ಯುರೋಪಿನ ವಿದ್ವಾಂಸರು ಹದಿನೈದು ವರ್ಷಗಳಿಗೂ ಮಿಕ್ಕಿ ವಾದಿಸಿದರು. ಜರ್ಮನಿಯ ಆಂಟನ್ ಡಿ ಬಾರಿ 1860ರ ದಶಕದ ಆರಂಭದಲ್ಲಿ ಪ್ರಯೋಗಗಳಿಂದ ತೋರಿಸಿದ ಮೇಲೆಯೇ ಅದು ಕಾರಣವೆಂಬುದು ನೆಲೆಗೊಂಡಿತು. ಸಂಶಯ ವಿಜ್ಞಾನದ ಒಳಗೇ ಇರುವ ಸಾಧನ. ಸಾಕ್ಷ್ಯ ಬಂದಾಗ ಅದು ಸರಿದುಕೊಳ್ಳುತ್ತದೆಯೇ ಎಂಬುದಷ್ಟೇ ಮುಖ್ಯ.

ಎರಡನೆಯದು ಹಳದಿ ಎಲೆ ರೋಗ. ಕೇರಳದಲ್ಲಿ 1914ರ ಸುಮಾರಿಗೆ ಮೊದಲು ವರದಿಯಾದ ಈ ರೋಗ ಮುಂದೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮತ್ತು ಸುಳ್ಯದ ಸಂಪಾಜೆ ಕಡೆಯ ತೋಟಗಳನ್ನು ಹಿಡಿದು, ಹಲವು ಮನೆತನಗಳನ್ನು ಸಾಲದಲ್ಲಿ ಮುಳುಗಿಸಿತು. ಗರಿಯ ತುದಿಯಿಂದ ಹಳದಿ ಬಣ್ಣ ಒಳಕ್ಕೆ ಹರಿದು, ನಾಳಗಳ ಎರಡು ಬದಿಯಲ್ಲಿ ಮಾತ್ರ ಹಸಿರು ಉಳಿದು, ಬೇರಿನ ತುದಿಗಳು ಕಪ್ಪಾಗಿ ಕೊಳೆತು, ಕ್ರಮೇಣ ಮರದ ಮಂಡೆ ಕಿರಿದಾಗುತ್ತದೆ. ಕಾಯಿ ಸುಲಿದರೆ ಒಳಗಿನ ಅಡಿಕೆ ಮೆತ್ತಗಾಗಿ ಕಪ್ಪು ತಿರುಗಿರುತ್ತದೆ. ಕಾರಣ ಹುಡುಕುವುದರಲ್ಲಿ ವಿಜ್ಞಾನಿಗಳಿಗೇ ದಶಕಗಳು ಹಿಡಿದವು. ಮಣ್ಣಿನ ಪೋಷಕಾಂಶದ ಕೊರತೆ, ನೀರು ನಿಲ್ಲುವುದು, ಶಿಲೀಂಧ್ರ, ಜಂತುಹುಳು, ಬ್ಯಾಕ್ಟೀರಿಯಾ, ವೈರಸ್ ಹೀಗೆ ಒಂದಾದ ಮೇಲೊಂದನ್ನು ಪರೀಕ್ಷಿಸಿ ಬಿಟ್ಟ ಬಳಿಕ, 1978ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ರೋಗಿಷ್ಟ ಮರದ ಅಂಗಾಂಶದಲ್ಲಿ ಈಗ ಫೈಟೊಪ್ಲಾಸ್ಮ ಎಂದು ಕರೆಯುವ ಜೀವಿಗಳು ಕಂಡುಬಂದದ್ದು ಪ್ರಕಟವಾಯಿತು. ಫೈಟೊಪ್ಲಾಸ್ಮವೆಂದರೆ ಕೋಶಭಿತ್ತಿಯಿಲ್ಲದ, ಗಿಡದಲ್ಲಿ ಆಹಾರ ಸಾಗಿಸುವ ನಾಳಗಳೊಳಗೆ ಬದುಕುವ, ಕೀಟದ ಮೂಲಕ ಹರಡುವ ಅತಿ ಸಣ್ಣ ಬ್ಯಾಕ್ಟೀರಿಯಾ. ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೇರ್ಪಡಿಸಿ ಬೆಳೆಸುವುದು ತೀರಾ ಕಷ್ಟವಾದ್ದರಿಂದ, ರೋಗಾಣುವನ್ನು ಬೇರ್ಪಡಿಸಿ ಆರೋಗ್ಯವಂತ ಗಿಡಕ್ಕೆ ಸೇರಿಸಿ ಅದೇ ರೋಗ ಬರುತ್ತದೆಂದು ತೋರಿಸುವ ಹಳೆಯ ಪುರಾವೆಯ ಕ್ರಮ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಕಣ್ಣಿಗೆ ಕಾಣದ, ಬೆಳೆಸಲಾಗದ, ಔಷಧಿಯೂ ಇಲ್ಲದ ಜೀವಿಯೇ ಕಾರಣವೆಂಬ ತೀರ್ಮಾನವನ್ನು ಹಿಡಿದು ತಜ್ಞರು ಬೆಳೆಗಾರನ ಬಳಿ ಬಂದಾಗ ಕೊಡಲು ಅವರಲ್ಲಿದ್ದದ್ದು ಬಸಿಗಾಲುವೆ ತೆಗೆಯಿರಿ, ಸುಣ್ಣ ಗೊಬ್ಬರ ಸರಿಯಾಗಿ ಕೊಡಿ, ಕಾಫಿ, ಕೋಕೊ, ಮೆಣಸನ್ನು ಜೊತೆಗೆ ಬೆಳೆಯಿರಿ, ಫಸಲು ತೀರಾ ಕಡಿಮೆಯಾದ ಮರವನ್ನು ಕಡಿದುಹಾಕಿರಿ ಎಂಬ ಸಲಹೆಗಳು.

ಅಡಿಕೆ ಸಸಿ ಫಸಲು ಕೊಡಲು ಐದರಿಂದ ಏಳು ವರ್ಷ ಬೇಕು, ಫಸಲಿಗೆ ಬಂದ ಮರ ಹಲವು ದಶಕ ನಿಲ್ಲುತ್ತದೆ. ಅಜ್ಜ ನೆಟ್ಟ ಮರ ಇನ್ನೂ ಹಸಿರಾಗಿರುವಾಗ ಅದನ್ನು ಕಡಿಯೆಂಬ ಮಾತನ್ನು ಒಪ್ಪಿಕೊಳ್ಳಬೇಕಾದರೆ ಹೇಳಿದವನ ಮೇಲೆ ಅಪಾರ ನಂಬಿಕೆ ಬೇಕು. ನೀರು ನಿಂತ ತೋಟದಲ್ಲೂ ಗರಿ ಹಳದಿಯಾಗುವುದರಿಂದ, ಬಸಿಗಾಲುವೆ ತೆಗೆದು ಚೇತರಿಸಿದ ತೋಟವನ್ನು ತೋರಿಸಿ ರೋಗಾಣುವಿನ ಮಾತೇ ಸುಳ್ಳೆನ್ನಲು, ಬೆಳ್ಳುಳ್ಳಿ ಕಷಾಯದಿಂದ ಹಿಡಿದು ಹೆಸರಿಲ್ಲದ ದ್ರಾವಣಗಳವರೆಗೆ ಏನನ್ನಾದರೂ ಮಾರಲು ದಾರಿ ತೆರೆಯಿತು. ಕೊಳೆರೋಗದಲ್ಲಿ ಕಾರಣ ಮತ್ತು ಪರಿಹಾರ ಕೈಹಿಡಿದು ಬಂದವು. ಇಲ್ಲಿ ಪರಿಹಾರವಿಲ್ಲದೆ ಕಾರಣ ಒಂಟಿಯಾಗಿ ಬಂದಿತು. ಪರಿಹಾರವಿಲ್ಲದ ಸತ್ಯ ಸತ್ಯವಾಗಿಯೇ ಉಳಿಯುತ್ತದೆಂಬುದು ತರ್ಕದಲ್ಲಿ ಸರಿ. ಬ್ಯಾಂಕಿನ ನೋಟೀಸು ಕೈಯಲ್ಲಿ ಹಿಡಿದವನಿಗೆ ಅದು ಸಾಂತ್ವನವಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಇದೇ ಸೀಮೆಗೆ ಬಂದೆರಗಿದಾಗ, ಅದು ಶಿಲೀಂಧ್ರದಿಂದ ಬರುವುದೆಂದು ಬೇಗನೆ ಗೊತ್ತಾದರೂ, ಹಳದಿ ಎಲೆಯ ಅನುಭವ ಬೆಳೆಗಾರರ ಮನಸ್ಸಿನಲ್ಲಿ ಮೊದಲೇ ಬೇರು ಬಿಟ್ಟಿತ್ತು.

ತೋಟದ ಹೊರಗೂ ಸಂಶಯಕ್ಕೆ ಕಾರಣಗಳು ಸೇರುತ್ತಿದ್ದವು. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ, ಉಣ್ಣೆಯ ಕಡಿತದಿಂದ ಹರಡುವ ಮಂಗನ ಕಾಯಿಲೆ ಇತ್ತೀಚಿನ ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಅದರ ವೈರಸ್ ಸೈಬೀರಿಯದ ಕಡೆಯಿಂದ ವಲಸೆ ಹಕ್ಕಿಗಳ ಮೂಲಕ ಬಂದಿರಬಹುದೇ ಎಂದು ತಿಳಿಯಲು ನಡೆದ ಹಕ್ಕಿಗಳ ಅಧ್ಯಯನಕ್ಕೆ ಒಂದು ಹಂತದಲ್ಲಿ ಅಮೆರಿಕದ ಸೇನೆಯ ಹಣ ಬಂದದ್ದು ಬಯಲಾಗಿ, 1970ರ ದಶಕದ ಮಧ್ಯದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ನೆರವಿನ ಸಂಶೋಧನೆಗಳನ್ನೇ ವಿಚಾರಣೆಗೆ ಒಳಪಡಿಸಿತ್ತು. ಈ ಕಾಯಿಲೆಗೆ 1990ರಿಂದ ಬಳಕೆಯಲ್ಲಿದ್ದ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಬಳಿಕ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿತ್ತು. ಅದು ನೋವು ಕೊಡುವ ಚುಚ್ಚುಮದ್ದು ಕೂಡ ಆಗಿತ್ತು. ಜನ ಹಿಂಜರಿದಾಗ ಆರೋಗ್ಯ ಇಲಾಖೆ ಅದನ್ನು ಮೂಢತನವೆಂದು ಕಂಡಿತು. ಕೊನೆಗೆ ಲಸಿಕೆಯ ಸಾಮರ್ಥ್ಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲವೆಂಬ ಕಾರಣಕ್ಕೆ 2022ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಹಿಂಜರಿದವರ ಕಾರಣಗಳೆಲ್ಲ ಸರಿಯಾಗಿದ್ದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಮುಂದೆ ಬರುವ ಒಳ್ಳೆಯ ಲಸಿಕೆಯೂ ಈ ನೆನಪನ್ನು ದಾಟಿ ಬರಬೇಕು. ಪಶ್ಚಿಮಘಟ್ಟದ ಕುರಿತ ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿ ಮತ್ತು ಕಸ್ತೂರಿರಂಗನ್ ನೇತೃತ್ವದ ತಂಡದ 2013ರ ವರದಿಗಳಿಗೆ ಇಲ್ಲಿ ಎದ್ದ ವಿರೋಧವೂ ಇದೇ ಜಾತಿಯದು. ಭದ್ರಾ ಜಲಾಶಯಕ್ಕೆ ಭೂಮಿ ಕಳೆದುಕೊಂಡ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಒಕ್ಕಲೆಬ್ಬಿಸುವ ಭಯದಲ್ಲಿ ಬದುಕಿದ ಜನಕ್ಕೆ ಉಪಗ್ರಹದ ಚಿತ್ರ ನೋಡಿ ಗುರುತಿಸಿದ ಸೂಕ್ಷ್ಮ ಪ್ರದೇಶವೆಂಬ ಮಾತು ಪರಿಸರ ವಿಜ್ಞಾನವಾಗಿ ಕೇಳಿಸಲಿಲ್ಲ, ಮನೆ ಬಿಡಿಸುವ ಆದೇಶದ ಮುನ್ಸೂಚನೆಯಾಗಿ ಕೇಳಿಸಿತು.

ಈ ಎಲ್ಲ ಅನುಭವಗಳನ್ನು ಹೊತ್ತ ಸಮಾಜದ ಮುಂದೆ ಬಂದ ಅತ್ಯಂತ ಕಠಿಣ ವೈಜ್ಞಾನಿಕ ತೀರ್ಮಾನ ಅಡಿಕೆಯನ್ನೇ ಕುರಿತದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯಾನ್ ನಗರದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆ ಅಡಿಕೆ ಕ್ಯಾನ್ಸರ್‌ಕಾರಕವೆಂದೂ, ತಂಬಾಕಿಲ್ಲದ ಎಲೆ ಅಡಿಕೆಯ ಬಗ್ಗೆ ಸಾಕ್ಷ್ಯ ಸಾಲದೆಂದೂ ಹೇಳಿತ್ತು. 2003ರಲ್ಲಿ ಸಭೆ ಸೇರಿ ಮರುವರ್ಷ ಪ್ರಕಟಿಸಿದ ವರದಿಯಲ್ಲಿ ಅದೇ ಸಂಸ್ಥೆ, ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಡುವಿನ ಹದಿನೆಂಟು ವರ್ಷಗಳಲ್ಲಿ ಬಂದ ಮುಖ್ಯ ಸಾಕ್ಷ್ಯ ತೈವಾನ್‌ನದು. ಅಲ್ಲಿ ಅಡಿಕೆಯನ್ನು ಸುಣ್ಣದೊಂದಿಗೆ ಜಗಿಯುವರಾದರೂ ತಂಬಾಕು ಸೇರಿಸುವ ರೂಢಿಯಿಲ್ಲ, ಆದರೂ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚು. ಭಾರತದಲ್ಲಿ ಎರಡೂ ಬೆರೆತಿರುವುದರಿಂದ ಬಿಡಿಸಲಾಗದಿದ್ದ ಗಂಟನ್ನು ತೈವಾನ್ ಬಿಡಿಸಿತು. ಹೊಸ ಸಾಕ್ಷ್ಯ ಬಂದಾಗ ಮಾತು ಬದಲಿಸುವುದೇ ವಿಜ್ಞಾನದ ಪ್ರಾಮಾಣಿಕತೆ. ಆದರೆ ಮಲೆನಾಡಿಗೆ ತಲುಪಿದ್ದು ಬದಲಾದ ಮಾತು ಮಾತ್ರ, ಬದಲಾದ ಕಾರಣವಲ್ಲ. ಅಂದು ಇಲ್ಲವೆಂದವರು ಇಂದು ಹೌದೆನ್ನುತ್ತಾರೆ, ಇದರ ಹಿಂದೆ ಯಾರೋ ಇದ್ದಾರೆ ಎಂಬ ಶಂಕೆಗೆ ಅಷ್ಟು ಸಾಕಾಯಿತು.

ಮೊದಲ ಗುಂಪು ಎಂಬುದರ ಅರ್ಥವೂ ಸರಿಯಾಗಿ ತಲುಪಲಿಲ್ಲ. ಒಂದು ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಸಾಕ್ಷ್ಯ ಎಷ್ಟು ಗಟ್ಟಿಯೆಂಬುದನ್ನು ಆ ಗುಂಪು ಹೇಳುತ್ತದೆಯೇ ಹೊರತು, ಎಷ್ಟು ತಿಂದರೆ ಎಷ್ಟು ಜನಕ್ಕೆ ಬರುತ್ತದೆಂಬುದನ್ನಲ್ಲ. ಸಂಸ್ಕರಿಸಿದ ಮಾಂಸವನ್ನೂ 2015ರಲ್ಲಿ ಅದೇ ಗುಂಪಿಗೆ ಸೇರಿಸಲಾಯಿತು. ಅಪಾಯ ಜಗಿಯುವ ಪ್ರಮಾಣ ಮತ್ತು ವರ್ಷಗಳೊಂದಿಗೆ ಏರುವಂಥದ್ದು, ಸಮೂಹದ ಲೆಕ್ಕದಲ್ಲಿ ಕಾಣುವಂಥದ್ದು. ತೊಂಬತ್ತು ವರ್ಷ ಬದುಕಿ ಕೊನೆಯ ದಿನದವರೆಗೂ ಎಲೆ ಅಡಿಕೆ ಹಾಕಿದ ಹಿರಿಯರು ಪ್ರತಿ ಮನೆತನದ ನೆನಪಿನಲ್ಲೂ ಇರುವಾಗ, ಸಾವಿರ ಜನರಲ್ಲಿ ಎಷ್ಟು ಮಂದಿಗೆ ಎಂಬ ಲೆಕ್ಕ ಆ ನೆನಪಿನ ಎದುರು ಸೋಲುತ್ತದೆ. ಕೊಳೆರೋಗದ ಔಷಧಿಯಲ್ಲಿ ಕಣ್ಣೇ ಸಾಕ್ಷಿಯಾಗಿತ್ತು. ಇಲ್ಲಿ ಕಣ್ಣಿನ ಸಾಕ್ಷಿಯೇ ದಾರಿ ತಪ್ಪಿಸುತ್ತದೆ. ಅದರೊಂದಿಗೆ ಅಡಿಕೆ ಇಲ್ಲದೆ ನಿಶ್ಚಿತಾರ್ಥವಿಲ್ಲ, ಪೂಜೆಯಿಲ್ಲ, ಬಂದವರಿಗೆ ಮರ್ಯಾದೆಯಿಲ್ಲ. ಆಯುರ್ವೇದದ ಗ್ರಂಥಗಳು ತಾಂಬೂಲದ ಗುಣ ಹೇಳುತ್ತವೆ. ಇಂಥ ವಸ್ತುವಿನ ಮೇಲಿನ ಆರೋಪ ಜನರಿಗೆ ತಮ್ಮ ಹಿರಿಯರ ಮೇಲಿನ ಆರೋಪವಾಗಿ ಕೇಳಿಸುವುದು ಸಹಜವೇ.

ಎಲ್ಲಕ್ಕಿಂತ ದೊಡ್ಡದು ಅನ್ನದ ಪ್ರಶ್ನೆ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಾರುವ ಕೆಂಪಡಿಕೆಯ ಮೇಲೆ ಈ ತಾಲ್ಲೂಕುಗಳ ಸಾಲ, ಮದುವೆ, ಮಕ್ಕಳ ಓದು ಎಲ್ಲವೂ ನಿಂತಿವೆ. 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಎರಡೂ ಈ ಬೆಳೆಗಾರರನ್ನು ದಲ್ಲಾಳಿಗಳಿಂದ, ಬೆಲೆ ಕುಸಿತದಿಂದ ಕಾಪಾಡಲು ಕಟ್ಟಿದ ಸಹಕಾರಿ ಸಂಸ್ಥೆಗಳು. ಗುಟ್ಕಾವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುವುದನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚಿನಿಂದ ನಿಲ್ಲಿಸಿದಾಗ, ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾವನ್ನೇ ನಿಷೇಧಿಸಿದಾಗ, ನಷ್ಟದ ಭಯ ಮೊದಲು ಮುಟ್ಟಿದ್ದು ತೋಟದ ಅಂಗಳಕ್ಕೆ. ಅಮೆರಿಕದ ಸಿಗರೇಟು ಕಂಪನಿಗಳು 1954ರ ಜನವರಿಯಲ್ಲಿ ನೂರಾರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಹೊಗೆಸೊಪ್ಪಿನ ಅಪಾಯ ಇನ್ನೂ ಸಾಬೀತಾಗಿಲ್ಲವೆಂಬ ಸಂಶಯವನ್ನು ಹಣ ಸುರಿದು ಬೆಳೆಸಿದ್ದವು. ಎರಡು ಎಕರೆ ತೋಟದವನ ಸಂಶಯವನ್ನು ಅದರೊಂದಿಗೆ ಸಮೀಕರಿಸುವುದು ಅನ್ಯಾಯ. ಆದರೆ ಆ ಎರಡು ಎಕರೆಯವನ ಆತಂಕದ ಮರೆಯಲ್ಲಿ ಗುಟ್ಕಾ, ಪಾನ್ ಮಸಾಲೆಯ ಉದ್ಯಮ ನಿಶ್ಚಿಂತೆಯಿಂದ ನಿಂತಿರುವುದೂ ನಿಜ. ಅಡಿಕೆ ಹಾನಿಕಾರಕವಲ್ಲವೆಂದು ಹೇಳಿಸುವ ಒತ್ತಾಯಕ್ಕೆ ಸಿಕ್ಕ ಶಕ್ತಿಯ ಅರ್ಧದಷ್ಟಾದರೂ ಬೆಳೆಗಾರನಿಗೆ ಬೇರೆ ಬೆಳೆಯ, ಬೇರೆ ಬಳಕೆಯ ದಾರಿ ಹುಡುಕಲು ಸಿಕ್ಕಿದ್ದರೆ ಈ ಸೀಮೆಯ ಚರ್ಚೆ ಇಂದು ಬೇರೆಯದಾಗಿರುತ್ತಿತ್ತು.

ವಾಸ್ತವದಲ್ಲಿ, ಅಡಿಕೆಯ ಹಾನಿಯಲ್ಲೂ ಕೊಳೆರೋಗದ ಕಾಯಿಯಂತೆ ಕಣ್ಣಿಗೆ ಕಾಣುವ ಭಾಗವೊಂದಿದೆ. ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಮಹಿಳೆಯರಲ್ಲಿ 1952ರಲ್ಲಿ ಮೊದಲು ವಿವರಿಸಲಾದ, ಮರುವರ್ಷ ಭಾರತದಲ್ಲೂ ವರದಿಯಾದ ಒಂದು ಸ್ಥಿತಿಯಲ್ಲಿ, ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಅಂಗಾಂಶ ಬೆಳೆದು, ಬಾಯಿ ಬಿಳಿಚಿ ಗಡಸಾಗಿ, ಖಾರ ತಾಗಿದರೆ ಉರಿದು, ಕಾಲಕ್ರಮದಲ್ಲಿ ಬಾಯಿ ಬಿಡುವುದೇ ಕಷ್ಟವಾಗುತ್ತದೆ. ಅಡಿಕೆ ಜಗಿಯುವುದೇ ಇದರ ಮುಖ್ಯ ಕಾರಣ, ತಂಬಾಕು ಇಲ್ಲದಿದ್ದರೂ ಇದು ಬರುತ್ತದೆ, ಮತ್ತು ಇಂಥವರಲ್ಲಿ ಒಂದು ಪಾಲು ಜನರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಆಗುತ್ತದೆ. ಇದನ್ನು ಗುರುತಿಸಲು ದೊಡ್ಡ ಯಂತ್ರವೇನೂ ಬೇಡ. ಆರೋಗ್ಯವಂತ ವಯಸ್ಕ ತನ್ನದೇ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಬಲ್ಲ. ಈ ತೊಂದರೆ ಹತ್ತಿದವನಿಗೆ ಎರಡೇ ಬೆರಳು ಹಿಡಿಯುತ್ತದೆ, ಮುಂದುವರಿದರೆ ಒಂದು. ಗುಟ್ಕಾ ಪೊಟ್ಟಣಕ್ಕೆ ಒಗ್ಗಿದ ಹುಡುಗರಲ್ಲಿ ಇದು ಇಪ್ಪತ್ತರ ಹರೆಯದಲ್ಲೇ ಕಾಣಿಸುವುದನ್ನು ದಂತವೈದ್ಯರು ಬಲ್ಲರು. ಕೋಲ್ಮನ್ ಕಾಲದ ಇಲಾಖೆ ತೋಟದೊಳಗೆ ಹೋಗಿ ಮರದ ಬುಡದಲ್ಲಿ ನಿಂತು ತೋರಿಸಿದಂತೆ, ಸಹಕಾರ ಸಂಘದ ವಾರ್ಷಿಕ ಸಭೆಯಲ್ಲೋ ಊರ ಶಾಲೆಯ ಅಂಗಳದಲ್ಲೋ ಈ ಮೂರು ಬೆರಳಿನ ಪರೀಕ್ಷೆಯನ್ನು ಬೆಳೆಗಾರರು, ಕೊನೆಗಾರರು ಮತ್ತು ಅಡಿಕೆ ಸುಲಿಯುವ ಹೆಂಗಸರು ತಾವೇ ಮಾಡಿ ನೋಡುವ ಏರ್ಪಾಡಿಗೆ ಖರ್ಚು ಹೆಚ್ಚಿಲ್ಲ, ಮತ್ತು ಅದಕ್ಕಾಗಿ ಯಾರೂ ತೋಟ ಕಡಿಯಬೇಕಾಗಿಲ್ಲ.